ಅಲ್ಯೂಮಿನಿಯಂ ಸೈಕಲ್ಲಿನ ಕೆಂಪು ಗೆರೆ

ನನ್ನ ಗಂಡ ಏಕನಾಥರಿಗೆ ನನಗಿಂತ ಸೈಕಲ್ಲಿನ ಮೇಲೇ ನಂಬಿಕೆ ಜಾಸ್ತಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ದೇಶದ ರಾಜಧಾನಿಯಲ್ಲಿರುವ ನಮ್ಮ ಪೀತಮ್‌ಪುರ ಬಡಾವಣೆಯ ಅರ್ಧ ಜನ ಕಾರು ಕೊಂಡರೂ ಈ ಮಹಾನುಭಾವರು ಹದಿನೈದು ವರ್ಷ ಅದೇ ಅಲ್ಯೂಮಿನಿಯಂ ಸೈಕಲ್ ತುಳಿದರು. ಈಚೆಗೆ ಮಗಳು ಹರ್ಷಿಣಿಗೆ ಕಾಲೇಜಿಗೆಂದು ಅದನ್ನೇ ಕೊಟ್ಟರು. ಹೊಸದು ಕೊಡಿಸಿ ಎಂದರೆ, "ಲೀಲಾ, ಇದಕ್ಕೆ ತುಕ್ಕೇ ಹಿಡಿಯಲ್ಲ ಕಣೇ. ತುಕ್ಕು ಹಿಡಿಯದ್ದು ಹಾಳಾಗೋದಾದ್ರೂ ಹೇಗೆ? ಮೊಮ್ಮಕ್ಕಳೂ ತುಳೀತಾರೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ಆಯುಧಪೂಜೆಗೆ ಅದನ್ನು ತೊಳೆದು, ಕುಂಕುಮವನ್ನು ನೀರಲ್ಲಿ ಕಲಸಿ ಕೊಳವೆಗಳಿಗೆಲ್ಲ ಧಾರಾಳವಾಗಿ ಬಳಿದರು. ಹಬ್ಬ ಮುಗಿದ ಬೆಳಿಗ್ಗೆ ಒರೆಸಿ ಮಗಳ ಕೈಗೆ ಕೊಟ್ಟು, ಅವಳನ್ನು ಕಾಲೇಜಿಗೆ ಕಳಿಸಿ ಕಾಫಿಗೆ ಬಂದು ಕೂತರು.

"ಪೆಡಲ್ ಹತ್ತಿರ ಒಂದು ಕೆಂಪು ಗೆರೆ ಮಾತ್ರ ಹೋಗ್ಲೇ ಇಲ್ಲ. ಕೂದಲಿನಷ್ಟು ಸಣ್ಣದು. ಎಷ್ಟು ಉಜ್ಜಿದ್ರೂ ಒಳಗಿಂದ ಮತ್ತೆ ಬರುತ್ತೆ" ಎಂದರು.

ನಾನು ಎದ್ದು ನಿಂತೆ. "ಒಳಗಿಂದ ಅಂದ್ರೆ? ಬಣ್ಣದ ಮೇಲಿದ್ದಿದ್ರೆ ಒರೆಸಿದ ಕೂಡ್ಲೇ ಹೋಗ್ಬೇಕಿತ್ತಲ್ಲ! ಬಿರುಕು ರೀ ಅದು!"

ಅವರು ಲೋಟ ಅಲ್ಲೇ ಬಿಟ್ಟು ಮಗಳಿಗೆ ಫೋನ್ ಮಾಡಿದರು. ಎತ್ತುವವರು ಯಾರು? ಸೈಕಲ್ ಮೇಲಿದ್ದಾಗ ಫೋನ್ ಮುಟ್ಟಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡವರು ಇವರೇ. ಸಿಕ್ಕ ಇ-ರಿಕ್ಷಾ ಹತ್ತಿದೆವು. "ಭಯ್ಯಾ, ಜಲ್ದಿ ಚಲೋ!" ರೋಹಿಣಿ ಬಡಾವಣೆಯಲ್ಲಿರುವ ಅವಳ ಕಾಲೇಜಿನ ದಾರಿಯಲ್ಲಿ ಮೇಲ್ಸೇತುವೆ ಇದೆ, ಇಳಿಜಾರಿನಲ್ಲಿ ಹಿಂದೆ ಬಸ್ಸು, ಪಕ್ಕದಲ್ಲಿ ಟ್ರಕ್ಕು. ಅಯ್ಯೋ ದೇವರೇ, ಆ ರಿಕ್ಷಾ ತೆವಳುತ್ತಿತ್ತು! ಇವರನ್ನು ಬಾಯಿಗೆ ಬಂದಂತೆ ಬೈದೆ.

ಸೇತುವೆಗೆ ಮುಂಚಿನ ಸಿಗ್ನಲ್ಲಿನಲ್ಲಿ ಹರ್ಷಿಣಿ ನಿಂತಿದ್ದಳು. ಇನ್ನೇನು ಹಸಿರು ದೀಪ ಬರುವುದರಲ್ಲಿತ್ತು. ಇವರು ವಾಹನಗಳ ನಡುವೆಯೇ ಓಡಿ ಹ್ಯಾಂಡಲ್ ಹಿಡಿದುಕೊಂಡರು. "ಇಳಿ! ಮೊದಲು ಇಳಿಯೇ!"

"ಪಪ್ಪಾ, ಕ್ಯಾ ಹುವಾ? ಸೈಕಲ್ ಸರಿಯಾಗೇ ಇದೆ. ನೋಡಿ, ಎಲ್ಲೂ ಬಗ್ಗಿಲ್ಲ!"

ಇವರು ಸೈಕಲ್ಲನ್ನು ಫುಟ್‌ಪಾತಿಗೆ ತಂದು, ಬ್ರೇಕ್ ಒತ್ತಿ ಹಿಡಿದು, ಪೆಡಲ್ ಮೇಲೆ ಮೈಭಾರವನ್ನೆಲ್ಲ ಬಿಟ್ಟರು. ಏನೂ ಆಗಲಿಲ್ಲ. ಇನ್ನೊಮ್ಮೆ ತುಳಿದಾಗ ಟಕ್ ಎಂದಿತು. ಬಗ್ಗಲಿಲ್ಲ, ಸೊಟ್ಟಗಾಗಲಿಲ್ಲ, ಕೊಳವೆ ಎರಡು ತುಂಡಾಯಿತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಮುರಿದ ಅಂಚಿನ ಮುಕ್ಕಾಲು ಭಾಗಕ್ಕೆ ಕುಂಕುಮ ಇಳಿದಿತ್ತು, ಅಂದರೆ ಅಷ್ಟೂ ಮೊದಲೇ ಬಿರಿದಿತ್ತು. ಉಳಿದ ಕಾಲುಭಾಗವನ್ನು ನಂಬಿಕೊಂಡು ನನ್ನ ಮಗಳು ಅಷ್ಟು ದೂರ ಬಂದಿದ್ದಳು.

ಇವರು ಅಲ್ಲೇ ಕುಸಿದು ಕೂತರು. ಹರ್ಷಿಣಿ ಕೈಹಿಡಿದು ಎಬ್ಬಿಸಿದಳು. ಮನೆ ಮುಟ್ಟುವವರೆಗೂ ಇವರು ಆ ಕೈ ಬಿಡಲಿಲ್ಲ. ಹತ್ತೊಂಬತ್ತರ ಹುಡುಗಿ, ಬಿಡಿಸಿಕೊಳ್ಳಲೂ ಇಲ್ಲ.