ಸೊನ್ನೆ ತಂಗಿಯ ಕಡೆ ಇದೆ

ಪಿಂಗಾಣಿ ಪುಡಿಯ ಹೊಸ ಡಬ್ಬಿ ತೆರೆದಾಗ ಮಡಚಿಟ್ಟ ತೆಳು ಕಾಗದವೊಂದು ಮೇಜಿನ ಮೇಲೆ ಬಿತ್ತು. ಮಾಮೂಲಾಗಿ ಅದು ಇಂಗ್ಲಿಷಿನಲ್ಲಿರುತ್ತದೆ, ಯಾರೂ ಓದದೆ ಬುಟ್ಟಿಗೆ ಹೋಗುತ್ತದೆ. ಈ ಸಲ ಬಂದ ಡಬ್ಬಿಗಳು ಜಪಾನಿನೊಳಗೇ ಮಾರಲು ಮಾಡಿದವಿರಬೇಕು. ಕಾಗದದ ತುಂಬ ಅಲ್ಲಿನ ಅಕ್ಷರ. ಆಕೆ ಅದನ್ನು ದೀಪದ ಕೆಳಗೆ ಹಿಡಿದಳು. ಪ್ರತಿ ವಾಕ್ಯದ ಕೊನೆಗೆ ಬೆರಳಿಟ್ಟು, ಮೂಗಿನಲ್ಲಿ ಮೆಲ್ಲಗೆ "ಅಂ... ಅಂ..." ಎಂದಳು.

ಎದುರು ಮೇಜಿನಲ್ಲಿ ಕಟ್ಟುಹಲ್ಲಿನ ಸೆಟ್ಟಿಗೆ ಮೇಣ ತುಂಬುತ್ತಿದ್ದ ಹಿರಿಯರು, ಅಲ್ಲಿ ಎಲ್ಲರಿಗೂ ಮಾಸ್ತರು, ತಲೆಯೆತ್ತಿದರು.

"ಏನಮ್ಮಾ, ಹಲ್ಲುನೋವಾ?"

ಅದು ಹಲ್ಲು ತಯಾರಿಸುವ ಲ್ಯಾಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ, ಇಲ್ಲಿಂದ ಹಲ್ಲು ಹೋಗುತ್ತದೆ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮೇಜು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಮುಂದಿನ ಹಲ್ಲುಗಳು ಆಕೆಯ ಪಾಲಿನ ಕೆಲಸ. ಪುಡಿಗೆ ದ್ರವ ಬೆರೆಸಿ, ಸಣ್ಣ ಕುಂಚದಿಂದ ಪದರದ ಮೇಲೆ ಪದರ ಕಟ್ಟಿ ಕುಲುಮೆಗೆ ಇಡುತ್ತಾಳೆ. ಪಿಂಗಾಣಿ ಬೆಂಕಿಯಲ್ಲಿ ಕುಗ್ಗುವುದರಿಂದ ಹಲ್ಲನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕಟ್ಟಬೇಕು. ಹೊಸಬರಿಗೆ ಇದು ಒಗ್ಗಲು ಕಾಲ ಹಿಡಿಯುತ್ತದೆ. ಆಕೆಗೆ ನಲವತ್ತು ದಾಟಿದೆ, ಕೈ ತಾನಾಗಿಯೇ ಲೆಕ್ಕ ಹಿಡಿಯುತ್ತದೆ. ಮನೆಯಲ್ಲಿ ಆಕೆ ಕಿರಿಯವಳು, ಅಮ್ಮನ ಬಾಯಲ್ಲಿ ಇವತ್ತಿಗೂ "ತಂಗಿ". ಇಲ್ಲಿಯೂ ಹಾಗೇ ಕರೆಯೋಣ.

ಹಲ್ಲುನೋವಲ್ಲ, ಸೊನ್ನೆ ಓದುತ್ತಿದ್ದೇನೆ ಎಂದು ತಂಗಿ ಹೇಳಿದಳು. ಮಾಸ್ತರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಒಂದು ಆಟದ ಪೆಟ್ಟಿಗೆಯ ವಿಷಯ ಹೇಳಬೇಕು.

ಅಕ್ಕತಂಗಿಯರಿಬ್ಬರೂ ಶಾಲೆಯಲ್ಲಿದ್ದಾಗ ಮೇಲಿನ ಮನೆಯವರು ಊರು ಬಿಟ್ಟರು. ಹೋಗುವಾಗ ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಪೆಟ್ಟಿಗೆಯೊಂದನ್ನು ಇವರಿಗೆ ಕೊಟ್ಟರು. ಅದರ ಮುಚ್ಚಳ ಸಡಿಲ. ತೆಗೆದರೆ ಮತ್ತೆ ಕೂರುತ್ತಿರಲಿಲ್ಲ. ಹಾಗಾಗಿ ಒಳಗೆ ಯಾವ ಡಿಸ್ಕಿತ್ತೋ ಅದೇ ಕೊನೆಯತನಕ ಉಳಿಯಿತು. ಅದೊಂದು ಜಪಾನಿ ಆಟ. ಯುದ್ಧದಲ್ಲಿ ಊರು ಕಳೆದುಕೊಂಡ ನಾಲ್ವರು ನಡೆದು ನಡೆದು ಒಂದು ಕೋಟೆ ಸೇರಬೇಕಾದ ಕಥೆ, ಇವರು ಊಹಿಸಿದ ಮಟ್ಟಿಗೆ. ಅದರ ಹೆಸರು ಇಬ್ಬರಿಗೂ ಓದಲು ಬರಲಿಲ್ಲ. ಗೆಳತಿಯರಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ರಿಪೇರಿ ಅಂಗಡಿಯವನು ಒಮ್ಮೆ ಹಾಕಿ ನೋಡಿ, ಇದನ್ನು ಆಡುವವರು ಅದರ ದೇಶದಲ್ಲೇ ಇದ್ದಾರೋ ಇಲ್ಲವೋ ಎಂದಿದ್ದ.

ಅದರಲ್ಲಿ ಮಾತು ಜಾಸ್ತಿ. ಪ್ರತಿ ಮಾತೂ ಒಂದು ಪುಟ್ಟ ಸೊನ್ನೆಯಲ್ಲಿ ಮುಗಿಯುತ್ತಿತ್ತು, ನಮ್ಮ "ಅಂ" ಅಕ್ಷರದ ಪಕ್ಕದ ಸೊನ್ನೆಯಂಥದೇ. ಆ ವರ್ಷ ಅಕ್ಕನಿಗೆ ಪಾಠದಲ್ಲಿ ಹಳಗನ್ನಡ ಬಂದಿತ್ತು. ಅವಳು ಪರದೆ ನೋಡಿದವಳೇ ತೀರ್ಪು ಕೊಟ್ಟಳು: ಇದು ಜಪಾನಿನ ಹಳಗನ್ನಡ. ನಮ್ಮಲ್ಲಿ ಬಂದಂ, ಪೋದಂ ಇದ್ದ ಹಾಗೆ ಅವರಲ್ಲೂ ಎಲ್ಲದಕ್ಕೂ ಅಂ. ತಂಗಿ ನಂಬಿದಳು. ಅಂದಿನಿಂದ ಮನೆಯಲ್ಲಿ "ಊಟ ಆಯ್ತಂ", "ಬಾಗಿಲು ಹಾಕಂ" ಶುರುವಾಯಿತು. ಕನ್ನಡದ ಟೀಚರ್ ಅಮ್ಮನನ್ನು ಕರೆಸಿ, ಹುಡುಗಿಯರಿಗೆ ಹಳಗನ್ನಡದಲ್ಲಿ ಇಷ್ಟೊಂದು ಆಸಕ್ತಿ ಇರುವುದು ಸಂತೋಷ ಎಂದರು. ಅಮ್ಮ ಮನೆಗೆ ಬಂದು ಇಬ್ಬರ ಕಿವಿಯನ್ನೂ ಹಿಂಡಿದಳು.

ಆ ಆಟದ ಕಾಳಗ ಸುಲಭದ್ದಲ್ಲ. ಹೊಡೆದದ್ದಕ್ಕೆಲ್ಲ ಪೆಟ್ಟು ಬೀಳುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ನೀಲಿ ಪಟ್ಟಿ, ಅದು ಉಸಿರು. ಏಟು ಹಾಕಿದಷ್ಟೂ ಉಸಿರು ಇಳಿಯುತ್ತದೆ, ಸುಮ್ಮನೆ ನಿಂತರೆ ತುಂಬುತ್ತದೆ. ಮೊದಲು ನಿಲುವು ಹಿಡಿಯಬೇಕು: ಎತ್ತರ, ನೇರ, ಕುಕ್ಕರಗಾಲು, ಹಿಂದಡಿ. ಆ ನಿಲುವಿಗೆ ಹೊಂದುವ ಪೆಟ್ಟನ್ನು ಅದೇ ಕ್ಷಣದಲ್ಲಿ ಒತ್ತಬೇಕು. ಎರಡೂ ಕೂಡಿ ಬರದಿದ್ದರೆ ಕತ್ತಿ ಗಾಳಿಗೆ ಹೋಗುತ್ತದೆ, ಉಸಿರು ಅರ್ಧವಾಗುತ್ತದೆ. ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹಾಕಿದರೆ ಎದುರಾಳಿ ಕಲಿತುಬಿಡುತ್ತಾನೆ. ಸೋತರೆ ಬಹಳ ಹಿಂದಿನಿಂದ ಮತ್ತೆ.

ಕಂಟ್ರೋಲರ್ ಒಂದೇ ಇತ್ತು. ಅಕ್ಕ ಎಡಚಿ. ಹಾಗಾಗಿ ಎಡಗಡೆಯ ಬಾಣದ ಗುಂಡಿಗಳು ಅವಳ ಎಡಗೈಗೆ, ಅಂದರೆ ನಿಲುವು ಅಕ್ಕನದು. ಬಲಗಡೆಯ ಸೊನ್ನೆ, ಇಂಟು, ಚೌಕ, ತ್ರಿಕೋನ ತಂಗಿಯ ಬಲಗೈಗೆ, ಅಂದರೆ ಪೆಟ್ಟು ತಂಗಿಯದು. ಸೋಫಾದ ಮೇಲೆ ಭುಜಕ್ಕೆ ಭುಜ ಒತ್ತಿ, ನಡುವೆ ಕಂಟ್ರೋಲರ್ ಹಿಡಿದು ಕೂರುತ್ತಿದ್ದರು. ಒಟ್ಟಿಗೆ ಒಂದು ಬಕೆಟ್ ನೀರು ಎತ್ತದವರು ಅಂಗೈಯಗಲದ ಪ್ಲಾಸ್ಟಿಕ್ಕನ್ನು ಇಬ್ಬರು ಸೇರಿ ಹೊರುತ್ತೀರಲ್ಲ ಎಂದು ಅಮ್ಮ ಹಂಗಿಸುತ್ತಿದ್ದಳು. ಮೊದಮೊದಲು "ಈಗ" ಎಂದು ಹೇಳಿಕೊಳ್ಳುತ್ತಿದ್ದರು. ಆಮೇಲೆ ಹೇಳುವುದೂ ಬೇಕಾಗಲಿಲ್ಲ. ಅಕ್ಕ ಉಸಿರು ಬಿಗಿಹಿಡಿದಳೆಂದರೆ ನಿಲುವು ಬದಲಾಗುತ್ತದೆ ಎಂದು ತಂಗಿಯ ಭುಜಕ್ಕೆ ಗೊತ್ತಾಗುತ್ತಿತ್ತು.

ನಾಲ್ವರಲ್ಲಿ ಒಬ್ಬಳು ಈಟಿ ಹಿಡಿದವಳು, ಅವಳೂ ಎಡಚಿ. ಅಕ್ಕ ಅವಳನ್ನು ತನ್ನವಳೆಂದು ಮುದ್ದಿನಿಂದ ಬೆಳೆಸಿದ್ದಳು. ಅಕ್ಕ ಕಾಲೇಜಿಗೆ ಹೋಗಿದ್ದ ಒಂದು ಮಧ್ಯಾಹ್ನ, ತಂಗಿ ಒಬ್ಬಳೇ ಕೂತು ಊರೂರು ತಿರುಗಿಸುತ್ತಿದ್ದಾಗ, ಈಟಿಯವಳು ನಿಂತು ಏನೋ ಕೇಳಿದಳು. ಕೆಳಗೆ ಎರಡು ಪದ ಬಂದವು. ಆ ಆಟದಲ್ಲಿ ಸೊನ್ನೆ ಒತ್ತಿದರೆ ಮೊದಲ ಪದ, ಇಂಟು ಒತ್ತಿದರೆ ಎರಡನೆಯದು. ತಂಗಿ ರೂಢಿಯಂತೆ ಸೊನ್ನೆ ಗುಂಡಿ ಒತ್ತಿದಳು. ಈಟಿಯವಳು ತಲೆಬಾಗಿಸಿ ನಡೆದುಹೋದಳು. ಪಂಗಡದಲ್ಲಿ ಮೂವರು ಉಳಿದರು, ಆಟ ತಾನೇ ಅದನ್ನು ಉಳಿಸಿಕೊಂಡಿತು, ಹಿಂದಕ್ಕೆ ಹೋಗುವಂತಿರಲಿಲ್ಲ.

ಸಂಜೆ ಬಂದ ಅಕ್ಕ ಪರದೆಯ ಮೇಲಿನ ಮೂವರನ್ನು ಎಣಿಸಿದಳು. ಆಮೇಲೆ, "ನನ್ನನ್ನ ಕಳಿಸ್ಬಿಟ್ಟೆಯಲ್ಲೇ" ಎಂದು ಬ್ಯಾಗು ಕೆಳಗಿಟ್ಟಳು.

ಕಡಲ ದಂಡೆಯ ಒಂದು ಮನೆಯಲ್ಲಿ ಈಟಿಯವಳು ಕೂತಿರುವುದು ಮುಂದೆ ಸಿಕ್ಕಿತು. ಹತ್ತಿರ ಹೋದರೆ ಅದೇ ಒಂದಿಷ್ಟು ಮಾತು ಹೇಳುತ್ತಿದ್ದಳು, ಕೆಳಗೆ ಮತ್ತೆ ಎರಡು ಪದ ಬರುತ್ತಿದ್ದವು, ಓದಲು ಬಾರದ ಇವರ ಕಣ್ಣಿಗೆ ಹಿಂದಿನಂಥವೇ. ಈಗಾಗಲೇ ಒಮ್ಮೆ ಕೈ ಸುಟ್ಟುಕೊಂಡಾಗಿತ್ತು. ಅವಳೆದುರು ಸೊನ್ನೆ ಮುಟ್ಟಬಾರದು ಎಂದು ಇಬ್ಬರೂ ಮಾತಾಡಿಕೊಂಡರು. ಪ್ರತಿ ಸಲ ಇಂಟು ಒತ್ತಿ ಹೊರಗೆ ಬರುತ್ತಿದ್ದರು. ಮೂವರನ್ನೇ ಇಟ್ಟುಕೊಂಡು ಕೊನೆಯ ಕೋಟೆಯ ಬಾಗಿಲವರೆಗೆ ಹೋದರು. ಅಲ್ಲಿ ಕಾವಲಿರುವ ಮೃಗವನ್ನು ಮೂವರಿಂದ ಮಣಿಸಲಾಗಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು.

ಅಕ್ಕ ಈಗ ಒಂದು ಶೈತ್ಯಾಗಾರದಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ತಂಗಿ ಒಮ್ಮೆ ಅಲ್ಲಿಗೆ ಹೋಗಿದ್ದಳು. ದಪ್ಪ ಜಾಕೆಟ್ ತೊಟ್ಟ ಅಕ್ಕ ಎಡಗೈಯೊಂದರಿಂದಲೇ ಸ್ಟೇರಿಂಗಿನ ಮೇಲಿನ ಗುಂಡುಹಿಡಿ ಹಿಡಿದು, ಪೆಟ್ಟಿಗೆಗಳ ಸಂದಿಯಲ್ಲಿ ಗಾಡಿಯನ್ನು ಗರಗರ ತಿರುಗಿಸುತ್ತಿದ್ದಳು. ತಂಗಿ ಗಾಡಿ ನೋಡಲಿಲ್ಲ, ಆ ಕೈ ನೋಡುತ್ತ ನಿಂತಳು. ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಫೋನಿನಲ್ಲಿ ಅಮ್ಮನ ಮಂಡಿನೋವು, ಹವೆ, ಊಟ. ಬಂದರೆ ಬೆಳಗಿನ ಬಸ್ಸು, ಸಂಜೆಯ ಬಸ್ಸು. "ಅಂ" ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಿಲ್ಲ.

ತಂಗಿ ಮಾತ್ರ ಭಾನುವಾರ ಪೆಟ್ಟಿಗೆ ಹಚ್ಚುವುದನ್ನು ಬಿಟ್ಟಿಲ್ಲ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಬಿಗಿದಿದ್ದಾಳೆ. ಹಳೆಯ ಟಿವಿ ಅದಕ್ಕಾಗಿಯೇ ಇದೆ. ಒಬ್ಬಳೇ ಕೂತರೂ ಸೋಫಾದ ಬಲತುದಿಯಲ್ಲೇ ಕೂರುತ್ತಾಳೆ. ಸೋಫಾ ಮೂವರದು, ಯಾಕೆ ಗೋಡೆಗೆ ಅಂಟುತ್ತೀಯ ಎಂದು ಅಮ್ಮ ಕೇಳುವುದುಂಟು. ಬಲಗೈಗೆ ಎಲ್ಲ ನೆನಪಿದೆ. ಎಡ ಹೆಬ್ಬೆರಳು ಮಾತ್ರ ಒಂದು ಘಳಿಗೆ ತಡ. ದಿನವಿಡೀ ಕೂದಲಂಥ ಕುಂಚ ಹಿಡಿಯುವ ಕೈಗಳಿಗೆ ಇದು ಕಲಿಯಲಾಗದ ವಿದ್ಯೆಯೇನಲ್ಲ. ಆದರೂ ಬರಲಿಲ್ಲ. ಅವಳಿಗೆ ಬೇಕಾಗಿದ್ದುದು ಅಕ್ಕ ಒಮ್ಮೆ ಬಂದು ಎಡಗಡೆ ಕೂರುವುದು. ಅದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ನಲವತ್ತು ದಾಟಿದವಳು ಏನೆಂದು ಕೇಳುವುದು? ಅಲ್ಲದೆ, ಕಳಿಸಿದವಳು ತಾನೇ.

ಲ್ಯಾಬಿನಲ್ಲಿ ಇಷ್ಟನ್ನೂ ಅವಳು ಹೇಳಲಿಲ್ಲ. ಸೊನ್ನೆಯ ವಿಷಯವಷ್ಟೇ ಹೇಳಿದಳು. ಮಾಸ್ತರು ಹೊಸ ಫೋನು ತಂದಿದ್ದರು, ಯಾವ ಭಾಷೆಯ ಬರಹಕ್ಕೆ ಹಿಡಿದರೂ ಕನ್ನಡ ಮಾಡಿ ಕೊಡುವಂಥದು. ಅದನ್ನು ಕಾಗದಕ್ಕೆ ಹಿಡಿದು ಗಟ್ಟಿಯಾಗಿ ಓದಿದರು: "ತೇವದ ಉಪಸ್ಥಿತಿಯಿಂದ ದೂರವಿಡುವಿಕೆಯನ್ನು ಮಾಡಿ." ಮೂಲೆಯಲ್ಲಿ ಪಾಲಿಶ್ ಮಾಡುತ್ತಿದ್ದವರೂ ಯಂತ್ರ ನಿಲ್ಲಿಸಿ ನಕ್ಕರು. ಮಾಸ್ತರು ಕಾಗದವನ್ನೂ ಫೋನನ್ನೂ ಹೋಲಿಸಿ ನೋಡಿದರು. ಕಾಗದದಲ್ಲಿ ಸೊನ್ನೆ ಇದ್ದಲ್ಲೆಲ್ಲ ಫೋನಿನಲ್ಲಿ ಚುಕ್ಕಿ ಬಂದಿತ್ತು.

"ಅಂ ಅಲ್ಲ ಕಣಮ್ಮ ಇದು. ಪೂರ್ಣವಿರಾಮ. ನಾವು ಚುಕ್ಕಿ ಇಡ್ತೀವಿ, ಅವರು ಸೊನ್ನೆ ಇಡ್ತಾರೆ. ಮಾತು ಮುಗೀತು ಅಂತ."

ತಂಗಿ ಕಾಗದ ಮಡಚಿ ಡಬ್ಬಿಯ ಕೆಳಗಿಟ್ಟಳು. ಆ ಮಧ್ಯಾಹ್ನ ಒಂದು ಹಲ್ಲನ್ನು ಸರಿಯಾದ ಅಳತೆಗೇ ಕಟ್ಟಿ ಕುಲುಮೆಗಿಟ್ಟಳು. ಹೊರಬಂದಾಗ ಅದು ಮಗುವಿನ ಹಲ್ಲಿನಷ್ಟಿತ್ತು. ಮತ್ತೊಂದು ಕಟ್ಟಿದಳು.

ಭಾನುವಾರ ಅವಳು ಆಟ ಹಚ್ಚಿ ನೇರ ಕಡಲ ಮನೆಗೆ ನಡೆದಳು. ಈಟಿಯವಳ ಮಾತು ಬಂದಾಗ ಟಿವಿಯ ಫೋಟೊ ತೆಗೆದಳು, ಬರೀ ಪಟ್ಟೆಗಳು ಬಂದವು. ಕಿಟಕಿಯ ಪರದೆ ಎಳೆದು ಇನ್ನೊಂದು ಫೋಟೊ ತೆಗೆದಳು. ಮರುದಿನ ಊಟದ ಹೊತ್ತಿನಲ್ಲಿ ಅದನ್ನು ಮಾಸ್ತರ ಮುಂದಿಟ್ಟಳು. ಫೋನು ಸ್ವಲ್ಪ ತಡವರಿಸಿ ಹೇಳಿತು: "ನಾನು ನಿರ್ಗಮಿಸಲಿಲ್ಲ. ವಿಶ್ರಾಂತಿಯನ್ನು ನಿರ್ವಹಿಸುತ್ತಿದ್ದೇನೆ. ಕರೆಯುವಿಕೆ ಇದ್ದಲ್ಲಿ ಬರುವಿಕೆ ಇದೆ." ಕೆಳಗಿನ ಎರಡು ಪದ: ಕರೆ. ಬೇಡ.

"ಇದಕ್ಕೆ ಕನ್ನಡ ಕಲಿಸಿದೋರು ಯಾರಪ್ಪಾ," ಎಂದರು ಮಾಸ್ತರು. ತಲೆಯೆತ್ತಿ ನೋಡಿದರೆ ತಂಗಿ ನಗುತ್ತಿರಲಿಲ್ಲ. ಅವರು ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದರು.

ಮನೆಗೆ ಬಂದು ತಂಗಿ ಆಟವನ್ನು ಮತ್ತೆ ಹಚ್ಚಿದಳು. ಎರಡು ಪದ ಪರದೆಯ ಮೇಲೆ ಬಂದವು. ಹೆಬ್ಬೆರಳು ಸೊನ್ನೆಯ ಮೇಲಿತ್ತು. ಒತ್ತಲಿಲ್ಲ. ಎಡಗೈಯಲ್ಲಿ ಫೋನು ತೆಗೆದು ಅಕ್ಕನಿಗೆ ಮಾಡಿದಳು. ಅತ್ತಲಿಂದ ಗಾಡಿಗಳು ಹಿಂದೆ ಸರಿಯುವಾಗಿನ ಕೂಗು ಕೇಳುತ್ತಿತ್ತು.

"ಅಕ್ಕಾ, ಈಟಿಯವಳು ಹೋಗಿರ್ಲಿಲ್ಲ ಕಣೇ."

"ಯಾರು?"

"ಈಟಿಯವಳು. ಕಡಲ ಮನೇಲಿ ಕೂತಿರ್ತಾಳಲ್ಲ."

ಅಕ್ಕ ಗದ್ದಲದಿಂದ ದೂರ ಬಂದಳೆಂದು ಕಾಣುತ್ತದೆ, ಕೂಗು ಸಣ್ಣದಾಯಿತು. ಆ ಪೆಟ್ಟಿಗೆ ಇನ್ನೂ ಇದೆಯಾ ಎಂದು ಕೇಳಿದಳು. ತಂಗಿ ಫೋನಿನ ಕನ್ನಡವನ್ನು ಇದ್ದದ್ದು ಇದ್ದ ಹಾಗೆ ಓದಿದಳು. ಸರ್ಕಾರಿ ನೋಟಿಸ್ ಥರ ಇದೆಯಲ್ಲೇ ಎಂದು ಅಕ್ಕ ನಕ್ಕಳು. ಸೊನ್ನೆ ಒತ್ತಿದ್ದರೆ ಅವಳು ಅವತ್ತೇ ಬರುತ್ತಿದ್ದಳು, ನಾವೇ ಇಂಟು ಒತ್ತಿಕೊಂಡು ಬಂದೆವು ಎಂದು ತಂಗಿ ಹೇಳಿದಾಗ ನಗು ನಿಂತಿತು.

"ಸರಿ, ಈಗ ಒತ್ತು. ಸೊನ್ನೆ ನಿನ್ನ ಕಡೆ ತಾನೇ ಇರೋದು."

"ಒತ್ತಲ್ಲ. ಅವಳು ಬಂದ್ಮೇಲೆ ಎಡಗಡೆ ಆಡ್ಸೋರು ಯಾರು?"

"ಕಲ್ತ್ಕೋ."

"ಬರ್ಲಿಲ್ಲ." ತಂಗಿ ಕಂಟ್ರೋಲರನ್ನು ತೊಡೆಯ ಮೇಲಿಟ್ಟಳು. "ನಾನು ನಿನ್ನ ಕಳಿಸಿದ್ದಲ್ಲ ಅಕ್ಕಾ."

"ಕಳಿಸ್ದೆ ಅಂತ ಯಾರಂದ್ರು?"

"ನೀನೇ. ಬ್ಯಾಗು ಇಟ್ಟು ಅಂದೆ."

ಅಕ್ಕನಿಗೆ ಅದು ನೆನಪಿರಲಿಲ್ಲ. ಬ್ಯಾಗು ಯಾವ ಬಣ್ಣದ್ದು ಎಂದು ಕೇಳಿದಳು. ಕಂದು ಎಂದಳು ತಂಗಿ. ಹೌದು, ಕಂದೇ ಇತ್ತು ಎಂದಳು ಅಕ್ಕ. ತಂಗಿಗೆ ಅತ್ತಲಿನ ಉಸಿರು ಕೇಳುತ್ತಿತ್ತು. ಒಮ್ಮೆ ಅದು ಬಿಗಿಹಿಡಿದಂತಾಯಿತು. ಅಷ್ಟರಲ್ಲಿ ಯಾರೋ ಅಕ್ಕನನ್ನು ಕೂಗಿದರು.

"ಲಾರಿ ಬಂತು. ಇಡ್ತೀನಂ."

ಫೋನು ಕಟ್ಟಾಯಿತು. ಒಳಕೋಣೆಯಿಂದ ಅಮ್ಮ, ಏನಂತೆ ಅವಳದು ಎಂದು ಕೇಳಿದಳು. ಲಾರಿ ಬಂತಂತೆ ಎಂದು ತಂಗಿ ಹೇಳಿದಳು. ಆಮೇಲೆ ಇಂಟು ಒತ್ತಿ ಕಡಲ ಮನೆಯಿಂದ ಹೊರಬಂದು, ಆಟ ಉಳಿಸಿ, ಪೆಟ್ಟಿಗೆ ಆರಿಸಿದಳು.

ಬುಧವಾರ ಅಕ್ಕನ ಮೆಸೇಜು ಬಂತು. ಈ ಭಾನುವಾರ ಪಾಳಿ ಇದೆ, ಮುಂದಿನ ಭಾನುವಾರ ಇಲ್ಲ. ಬೆಳಗಿನ ಬಸ್ಸಿಗೆ ಬರುತ್ತಾಳೆ. ಸಂಜೆಯ ಬಸ್ಸಿನ ಬಗ್ಗೆ ಅದರಲ್ಲಿ ಏನೂ ಬರೆದಿಲ್ಲ. ಅಲ್ಲಿಯತನಕ ತಂಗಿ ಪೆಟ್ಟಿಗೆ ಹಚ್ಚುವುದಿಲ್ಲ.