ದೇವರಿಗೆ ಬೆನ್ನು ಹಾಕಿ ಬೆಟ್ಟ ಹತ್ತಿದ್ದು

ಒಂದೇ ದಿನದಲ್ಲಿ ಐದು ದೇವಸ್ಥಾನ ನೋಡದಿದ್ದರೆ ನನಗೆ ಪ್ರವಾಸ ಹೋಗಿಬಂದ ಹಾಗೇ ಅನ್ನಿಸುವುದಿಲ್ಲ. ಇದೊಂದು ಕಾಯಿಲೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಇರಬಹುದು. ಕಾಯಿಲೆಯಾದರೆ ಮಾರೇನಹಳ್ಳಿಯ ನಮ್ಮ ಇಡೀ ಬೀದಿಗೇ ಅಂಟಿದೆ. ಪ್ರತಿ ವರ್ಷ ಕಾರ್ತಿಕ ಮಾಸದಲ್ಲಿ ಹದಿನಾಲ್ಕು ಜನ ಹೆಂಗಸರು ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿಕೊಂಡು, ಬೆಳಗಿನ ಐದೂವರೆಗೆಲ್ಲ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಹೊರಟುಬಿಡುತ್ತೇವೆ.

ಎಲ್ಲಿಗೆ, ಎಷ್ಟು ಹೊತ್ತಿಗೆ, ತಿಂಡಿ ಎಲ್ಲಿ ಅನ್ನುವುದೆಲ್ಲ ನನ್ನ ಜವಾಬ್ದಾರಿ. ಅದಕ್ಕಾಗಿ ಒಂದು ನೋಟ್‌ಬುಕ್ಕೇ ಇಟ್ಟಿದ್ದೇನೆ. ಐದಾರು ವರ್ಷಗಳಿಂದ ನಾವು ಮಂಡ್ಯ ಜಿಲ್ಲೆಯನ್ನು ಅರೆದು ಕುಡಿದಿದ್ದೇವೆ. ತಿಳಿದವರು ಬಸರಾಳಿಗೆ ಹೋದರೆ ಹೊಯ್ಸಳರು, ಶಿಲ್ಪ, ಶಾಸನ ಅಂತ ಬರೆದುಕೊಳ್ಳುತ್ತಾರೆ. ನನ್ನ ಪುಸ್ತಕದಲ್ಲಿ ಬಸರಾಳಿನ ಎದುರು ಇರುವುದು ಇಷ್ಟೇ: ‘ಕಲ್ಲು ಸುಡುತ್ತೆ, ಸಾಕ್ಸ್ ಮರೆಯಬಾರದು.’ ಹೊಸಹೊಳಲಿನ ಎದುರು: ‘ಗೋಡೆ ಮೇಲಿನ ಆನೆ ಸಾಲು ನೋಡುತ್ತಾ ತರಕಾರಿ ಅಂಗಡಿ ಭಾಗ್ಯ ಕಳೆದುಹೋದಳು, ಇಪ್ಪತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳುವುದು.’ ಮೇಲುಕೋಟೆಯ ವೈರಮುಡಿಗೂ ಒಮ್ಮೆ ಹೋಗಿದ್ದೆವು. ದೇವರಿಗೆ ವಜ್ರದ ಕಿರೀಟ ಇಡುವ ಆ ಉತ್ಸವದಲ್ಲಿ ನಾನು ಕಣ್ಣಾರೆ ಕಂಡದ್ದು ಮುಂದೆ ನಿಂತಿದ್ದವರ ಜಡೆ, ಜಡೆಯಲ್ಲಿದ್ದ ಕನಕಾಂಬರ. ಅದನ್ನೂ ಬರೆದಿಟ್ಟಿದ್ದೇನೆ.

ಈ ಸಲದ ಪಟ್ಟಿ ಅದ್ಭುತವಾಗಿತ್ತು. ದಾರಿಯಲ್ಲಿ ಯಡಿಯೂರು, ಆಮೇಲೆ ನಾಗಮಂಗಲ, ಮೇಲುಕೋಟೆ, ತೊಣ್ಣೂರು, ಕೊನೆಗೆ ಶ್ರೀರಂಗಪಟ್ಟಣ. ಮೇಲುಕೋಟೆಯಲ್ಲಿ ಬೆಟ್ಟಕ್ಕೆ ಒಂದೂಕಾಲು ಗಂಟೆ ಕೊಟ್ಟಿದ್ದೆ. ಪುಣ್ಯಾತ್ಗಿತ್ತಿ ಸುಶೀಲಕ್ಕ ಆ ಪಟ್ಟಿಯನ್ನು ಉಳಿಸಲಿಲ್ಲ.

ಸುಶೀಲಕ್ಕ ಎಂದರೆ ನಮ್ಮ ಎದುರು ಮನೆಯವರು. ಅರವತ್ತೆಂಟರ ಹತ್ತಿರ. ಮೂವತ್ತು ವರ್ಷ ಮನೆಯಲ್ಲೇ ಅಗರಬತ್ತಿ ಹೊಸೆದು ಮಕ್ಕಳನ್ನು ದಡ ಸೇರಿಸಿದವರು. ಇವತ್ತಿಗೂ ಸುಮ್ಮನೆ ಕೂತಾಗ ಅವರ ಅಂಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಏನನ್ನೋ ಹೊಸೆಯುತ್ತಿರುತ್ತದೆ. ಎಂಟು ವರ್ಷದ ಹಿಂದೆ ಅವರ ಮೊಮ್ಮಗಳಿಗೆ ಡೆಂಗ್ಯೂ ಬಂದು ಮಗು ಕೈಬಿಟ್ಟೇಹೋಯಿತು ಅನ್ನುವ ಹಾಗಾಗಿತ್ತು. ಆಗ ಆಸ್ಪತ್ರೆಯ ವರಾಂಡದಲ್ಲಿ ನಿಂತು, ಮಗು ಉಳಿದರೆ ಮೇಲುಕೋಟೆ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ನನ್ನ ಕೈಯಾರೆ ಅರಿಶಿನ ಕುಂಕುಮ ಹಚ್ಚುತ್ತೇನೆ ಅಂತ ಯೋಗಾನರಸಿಂಹನಿಗೆ ಹರಕೆ ಹೊತ್ತರು. ಮಗು ಉಳಿಯಿತು. ಈಗ ಕಾಲೇಜಿಗೆ ಹೋಗುತ್ತಿದೆ. ಹರಕೆ ಮಾತ್ರ ಹಾಗೇ ಉಳಿಯಿತು. ಮೊದಲು ಮಗಳ ಬಾಣಂತನ, ಆಮೇಲೆ ಕೊರೊನಾ, ಅದು ಮುಗಿಯುವ ಹೊತ್ತಿಗೆ ಎರಡೂ ಮಂಡಿ ಕೈಕೊಟ್ಟಿದ್ದವು. ಬರುವ ತಿಂಗಳು ಮಂಡಿಯ ಆಪರೇಷನ್. ಅದಾದ ಮೇಲೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಬಗ್ಗುವ ಹಾಗಿಲ್ಲ ಅಂತ ಡಾಕ್ಟರು ಖಂಡಿತವಾಗಿ ಹೇಳಿದ್ದರು. ಹರಕೆ ತೀರಿದರೆ ಇದೇ ಟ್ರಿಪ್ಪಿನಲ್ಲಿ, ಇಲ್ಲದಿದ್ದರೆ ಇನ್ನಿಲ್ಲ.

ಬೆಟ್ಟದ ಬುಡದಲ್ಲಿ ಇಳಿದಾಗ ಹತ್ತೂಕಾಲು. ಮೇಲಿನ ಗುಡಿ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೇ. ಮೆಟ್ಟಿಲು ಎಷ್ಟು ಅಂತ ಕೇಳಬೇಡಿ. ಹತ್ತಿದ ಯಾವ ಇಬ್ಬರ ಎಣಿಕೆಯೂ ಇದುವರೆಗೆ ಹೊಂದಿಲ್ಲ. ಮುನ್ನೂರಕ್ಕೆ ಕಡಿಮೆಯಿಲ್ಲ ಅನ್ನುವುದಷ್ಟೇ ಒಪ್ಪಿತವಾದ ಮಾತು.

ನಮ್ಮ ಬೀದಿಯಲ್ಲಿ ತರಕಾರಿ ಅಂಗಡಿ ಇಟ್ಟಿರುವ ಭಾಗ್ಯ ಬಾಯಲ್ಲೇ ಲೆಕ್ಕ ಹಾಕಿದಳು. “ಸುಶೀಲಕ್ಕ, ನಾವು ಹದಿನಾಲ್ಕು ಜನ ಇದೀವಿ. ತಲೆಗೆ ಇಪ್ಪತ್ತು ಇಪ್ಪತ್ತೈದು ಮೆಟ್ಟಿಲು ಹಂಚ್ಕೊಂಡ್ರೆ ಅರ್ಧ ಗಂಟೆ ಕೆಲಸ. ನೀವು ಇಲ್ಲೇ ನೆರಳಲ್ಲಿ ಕೂತ್ಕೊಳಿ.”

“ನಿಮ್ಮನೆ ಹರಕೆ ಇದ್ರೆ ನೀವು ಹಂಚ್ಕೊಳ್ರಮ್ಮಾ” ಅಂದರು ಸುಶೀಲಕ್ಕ. “ನಾನು ‘ನನ್ನ ಕೈಯಾರೆ’ ಅಂದಿದೀನಿ. ‘ಬೀದಿಯೋರ ಕೈಲಿ’ ಅಂತ ಅಂದಿಲ್ಲ.”

ನಾನು ಬಹಳ ತಿಳಿದವಳ ಹಾಗೆ ಸಮಾಧಾನ ಹೇಳಲು ಹೋದೆ. ದೇವರು ಮನಸ್ಸು ನೋಡುತ್ತಾನೆ, ಐದು ಮೆಟ್ಟಿಲಿಗೆ ಹಚ್ಚಿ ಕೈಮುಗಿದರೂ ನಡೆಯುತ್ತೆ, ಇತ್ಯಾದಿ. ನಿಜ ಹೇಳಬೇಕೆಂದರೆ ನನ್ನ ಕಣ್ಣು ಗಡಿಯಾರದ ಮೇಲಿತ್ತು. ತೊಣ್ಣೂರಿನ ಕೆರೆ ಕಣ್ಣೆದುರಿಗೆ ಬರುತ್ತಿತ್ತು. ಸುಶೀಲಕ್ಕ ನನ್ನ ಉಪದೇಶ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನೀರಲ್ಲಿ ಕಲಸಿ ತಂದಿದ್ದ ಅರಿಶಿನದ ಡಬ್ಬಿ, ಕುಂಕುಮದ ಡಬ್ಬಿ ಎರಡನ್ನೂ ಪಕ್ಕಕ್ಕಿಟ್ಟು, ಬೆಟ್ಟಕ್ಕೆ ಬೆನ್ನು ಮಾಡಿ ಎರಡನೇ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಕಾಲೂರಿದ್ದ ಮೊದಲನೇ ಮೆಟ್ಟಿಲಿಗೆ ಅರಿಶಿನ ಬಳಿದರು, ಕುಂಕುಮ ಇಟ್ಟರು. ಆಮೇಲೆ ಎರಡು ಕೈಯನ್ನೂ ಹಿಂದಿನ ಮೆಟ್ಟಿಲಿಗೆ ಊರಿ, ಹ್ಹಾ ಅಂತ ಮೈಯನ್ನು ಎತ್ತಿ ಮೂರನೆಯದರ ಮೇಲೆ ಕೂತರು. ಎರಡನೆಯದು ಮುಂದೆ ಖಾಲಿ. ಅದಕ್ಕೂ ಬಳಿದರು.

ನಾವು ಹದಿಮೂರು ಜನ ಬಾಯಿ ತೆರೆದು ನಿಂತಿದ್ದೆವು.

“ಇದನ್ನ ಯಾವಾಗ ಕಲಿತ್ರಿ?” ಅಂದೆ.

“ಎರಡು ವರ್ಷ ಆಯ್ತು. ಮತ್ತೆ ನಾನು ಟೆರೇಸಿಗೆ ಸಂಡಿಗೆ ಹಾಕೋಕೆ ಹೇಗೆ ಹೋಗ್ತಿದ್ದೆ ಅಂದ್ಕೊಂಡಿದ್ದೆ ಗಿರಿಜಾ, ಹಾರ್ಕೊಂಡಾ?”

ಬೀದಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದನ್ನೂ ಬಲ್ಲವಳು ನಾನು. ಎದುರು ಮನೆಯ ಹೆಂಗಸು ಎರಡು ವರ್ಷದಿಂದ ಕೂತುಕೊಂಡು ಮೆಟ್ಟಿಲು ಹತ್ತುತ್ತಿರುವುದು ನನಗೆ ಗೊತ್ತಿರಲಿಲ್ಲ. ಅವರು ಕೊಟ್ಟ ಸಂಡಿಗೆಯನ್ನು ಎರಡು ವರ್ಷವೂ ಕರಿದು ತಿಂದಿದ್ದೆ.

ಹತ್ತು ಮೆಟ್ಟಿಲಾಗುವಷ್ಟರಲ್ಲಿ ನಮ್ಮ ಗುಂಪಿನಲ್ಲಿ ಧರ್ಮಸೂಕ್ಷ್ಮದ ಚರ್ಚೆ ಶುರುವಾಯಿತು. ಗುಡಿಯಿಂದ ಹೊರಗೆ ಬರುವಾಗಲೂ ದೇವರಿಗೆ ಬೆನ್ನು ತೋರಿಸದೆ ನಾಲ್ಕು ಹೆಜ್ಜೆ ಹಿಂದಕ್ಕೇ ನಡೆಯುವ ಜನ ನಾವು. ಇಲ್ಲಿ ಇಡೀ ಬೆಟ್ಟವನ್ನೇ ಬೆನ್ನು ಹಾಕಿ ಹತ್ತುವುದು ಅಂದರೇನು? ಭಾಗ್ಯ ಮೆಲ್ಲಗೆ ಕೇಳಿಯೇಬಿಟ್ಟಳು. “ಅಕ್ಕಾ, ದೇವರಿಗೆ ಬೆನ್ನು ಹಾಕಿದಂಗಾಯ್ತಲ್ಲ?”

“ಅವನು ಮೇಲೆ ಕೂತು ದಿನವೆಲ್ಲ ಏನು ನೋಡ್ತಾನೆ? ಈ ಊರನ್ನೇ ತಾನೆ? ನಾನೂ ಅದನ್ನೇ ನೋಡ್ಕೊಂಡು ಹೋಗ್ತೀನಿ ಬಿಡು.”

ಚರ್ಚೆ ಅಲ್ಲಿಗೆ ಮುಗಿಯಿತು. ಆಮೇಲಿನದು ಮಾತ್ರ ಹಬ್ಬ! ಒಬ್ಬಳು ಡಬ್ಬಿ ಸರಿಸುವುದು, ಒಬ್ಬಳು ನೀರು ಕುಡಿಸುವುದು, ಇಬ್ಬರು ಕೋಲು ಹಿಡಿದು ಕೋತಿ ಕಾಯುವುದು. ನಾನೂ ಜೊತೆಗೆ ಕೂತೇ ಹತ್ತಿ ನೋಡೋಣ ಅಂತ ಹೊರಟು ಆರನೇ ಮೆಟ್ಟಿಲಿಗೆ ಸೋಲೊಪ್ಪಿ ಎದ್ದೆ. ಆದರೆ ಆ ಆರು ಮೆಟ್ಟಿಲಲ್ಲಿ ನನಗೆ ಮೇಲುಕೋಟೆ ಕಂಡಿತು. ಇಷ್ಟು ಸಲ ಬಂದಿದ್ದೇನೆ, ಪ್ರತಿ ಸಲವೂ ಮುಂದಿನ ಮೆಟ್ಟಿಲು, ನನ್ನ ಹೆಬ್ಬೆರಳು, ಮುಂದಿದ್ದವರ ಹಿಮ್ಮಡಿ ಇಷ್ಟನ್ನೇ ನೋಡುತ್ತಾ ಏದುಸಿರು ಬಿಟ್ಟುಕೊಂಡು ಹತ್ತಿದವಳು. ಈಗ ನೋಡಿದರೆ ಸುಶೀಲಕ್ಕನ ಒಂದೊಂದು ಮೆಟ್ಟಿಲಿಗೂ ಊರು ಒಂದೊಂದು ಗೇಣು ಬಿಚ್ಚಿಕೊಳ್ಳುತ್ತಿದೆ! ಮೊದಲು ಹೂವಿನಂಗಡಿಯ ತಗಡು, ಆಮೇಲೆ ಹೆಂಚಿನ ಮಾಡುಗಳು, ಆಮೇಲೆ ಕಲ್ಯಾಣಿಯ ಒಂದು ಮೂಲೆ, ನೋಡುನೋಡುತ್ತ ಪೂರ್ತಿ ಕಲ್ಯಾಣಿ, ಚೆಲುವನಾರಾಯಣನ ಗೋಪುರ. “ಅಗೋ ನಮ್ಮ ಟೆಂಪೋ!” ಅಂತ ಸುಶೀಲಕ್ಕ ಕೂಗಿದರೆ ಎಲ್ಲರೂ ತಿರುಗಿ ಟೆಂಪೋಗೇ ಕೈಬೀಸಿದೆವು.

ಅದೇ ಹೊತ್ತಿಗೆ ಡ್ರೈವರ್ ನಟರಾಜನ ಫೋನು. “ಆಂಟಿ, ತೊಣ್ಣೂರಿಗೆ ಲೇಟಾಗುತ್ತೆ.”

“ತೊಣ್ಣೂರು ಕ್ಯಾನ್ಸಲ್ ಕಣಪ್ಪ” ಅಂದೆ. ನೋಟ್‌ಬುಕ್ಕಿನಲ್ಲಿ ಅದರ ಮೇಲೆ ಗೀಟು ಎಳೆಯುವಾಗ ಸಂಕಟವಾದದ್ದು ನಿಜ. ಒಂದು ಗಂಟೆಯ ಮೇಲೆ “ಶ್ರೀರಂಗಪಟ್ಟಣಾನೂ” ಅಂದಾಗ ಅಷ್ಟೇನೂ ಅನ್ನಿಸಲಿಲ್ಲ.

ನೂರೈವತ್ತು ದಾಟಿದ ಮೇಲೆ ಸುಶೀಲಕ್ಕ ದಣಿದರು. ಪ್ರತಿ ಐದು ಮೆಟ್ಟಿಲಿಗೊಮ್ಮೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಸಾಕು ಅನ್ನಲು ನನಗೆ ಧೈರ್ಯ ಬರಲಿಲ್ಲ, ಹತ್ತಿ ಅನ್ನಲೂ ಬರಲಿಲ್ಲ. ಕೊನೆಗೆ ಅವರ ಹಿಂದಿನ ಮೆಟ್ಟಿಲಿಗೆ ಹೋಗಿ ಕಂಕುಳಿಗೆ ಕೈ ಕೊಟ್ಟೆ. ಅದಕ್ಕೆ ಬೇಡ ಅನ್ನಲಿಲ್ಲ. ಎತ್ತಲು ನನ್ನ ಕೈ, ಹಚ್ಚಲು ಅವರ ಕೈ. ಹೀಗೆ ಒಪ್ಪಂದವಾಯಿತು. ಕೊನೆಯ ಮೆಟ್ಟಿಲಿಗೆ ಕುಂಕುಮ ಇಟ್ಟಾಗ ಹದಿಮೂರು ಜನ ಹೆಂಗಸರು ಹಾಕಿದ “ಗೋವಿಂದಾ” ಕೆಳಗೆ ನಟರಾಜನಿಗೂ ಕೇಳಿಸಿತಂತೆ.

ಮೇಲೆ ಬಾಗಿಲು ಹಾಕಿತ್ತು. ಹಾಕಿ ಅರ್ಧ ಗಂಟೆಯಾಗಿತ್ತು.

ನನಗೆ ಅಳುವೇ ಬಂತು. ಸುಶೀಲಕ್ಕ ಅರಿಶಿನದ ಕೈಯಿಂದಲೇ ಹಣೆ ಒರೆಸಿಕೊಂಡರು. “ಅದಕ್ಯಾಕೆ ಮುಖ ಸಣ್ಣ ಮಾಡ್ತೀಯೇ? ನಾನು ಹರಕೆ ಹೊತ್ತಿದ್ದು ಮೆಟ್ಟಿಲಿಗೆ, ಬಾಗಿಲಿಗಲ್ಲ. ಅವನೂ ಊಟ ಮಾಡಿ ಒಂಚೂರು ಮಲಗಲಿ ಬಿಡು.”

ಬಾಗಿಲು ತೆಗೆಯುವವರೆಗೆ ಅಲ್ಲೇ ಇದ್ದೆವು. ಬೆಟ್ಟದ ಗಾಳಿಗೆ ಅರ್ಧ ಜನ ನಿದ್ದೆ ಹೋದರು. ಸಂಜೆ ದರ್ಶನವೂ ಆಯಿತು. ತೀರ್ಥ, ಮಂಗಳಾರತಿ, ತುಳಸಿ, ಎಲ್ಲ ಸೇರಿ ಐದು ನಿಮಿಷ. ಸುಶೀಲಕ್ಕ ಮಾತ್ರ ಕಂಬ ಹಿಡಿದು ನಿಂತು ತುಟಿ ಅಲ್ಲಾಡಿಸುತ್ತಲೇ ಇದ್ದರು. ಆಪರೇಷನ್ ಚೆನ್ನಾಗಾಗಲಿ ಅಂತ ಬೇಡಿಕೊಳ್ಳುತ್ತಿರಬೇಕು, ಅದಕ್ಕೆ ಇನ್ಯಾವ ಹೊಸ ಹರಕೆ ಹೊರುತ್ತಾರೋ ಅಂತ ನನಗೆ ದಿಗಿಲು.

ಹೊರಗೆ ಬಂದ ಮೇಲೆ ಕೇಳಿದೆ. “ಏನು ಕೇಳ್ಕೊಂಡ್ರಿ?”

“ಏನೂ ಇಲ್ಲ ಕಣೇ. ಎಂಟು ವರ್ಷದಿಂದ ಇವನ ಫೋಟೋ ಕಂಡ್ರೂ ತಲೆ ತಗ್ಗಿಸ್ಕೊಂಡು ಓಡಾಡ್ತಿದ್ದೆ. ಇವತ್ತು ಮುಖ ಕೊಟ್ಟು ಮಾತಾಡೋಕಾಯ್ತು. ಮೊಮ್ಮಗಳ ಮಾರ್ಕ್ಸ್ ಹೇಳ್ದೆ, ಸಂಡಿಗೆ ವಿಷಯ ಹೇಳ್ದೆ. ಸುಮ್ನೆ ಅದೂ ಇದೂ.”