ಪಕ್ಕದ ಸೀಟಿನಲ್ಲಿ ಕುಳಿತ ಗೆಳೆಯ

ಸ್ನೇಹಿತರೇ, ಇವತ್ತಿನ ನನ್ನ ಪಾಡು ಕೇಳಿ. ನಮ್ಮ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿರುವ ಮಂಜು ಮೂರು ತಿಂಗಳಿಂದ ಇಂಟರ್ನೆಟ್ಟಿನ ನನ್ನ ಸ್ಕ್ರ್ಯಾಪ್‌ಬುಕ್ಕಿನಲ್ಲಿ ದಿನವೂ ಹರಟೆ ಬರೆಯುತ್ತಾನೆ. ಅಲ್ಲಿ ಅವನ ಬಾಯಿಗೆ ಬೀಗವೇ ಇಲ್ಲ, ನನಗೂ ಇಲ್ಲ ಅನ್ನಿ. ಸಂಜೆ ರಾಯಕೋಟೆ ಬಸ್ಸಿನಲ್ಲಿ ಮೊದಲ ಸಲ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ಹೊಸೂರು ಬಿಟ್ಟಾಗಿನಿಂದ ಊರು ಬರುವವರೆಗೆ ಅವನು ಕಿಟಕಿಯಾಚೆ ನೋಡಿದ, ನಾನು ಟಿಕೆಟ್ಟು ಮಡಚುತ್ತಾ ಕುಳಿತೆ. ಹಿಂದಿನ ಸೀಟಿನ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟರು: "ಯಾಕವ್ವಾ, ಗಂಡ ಹೆಂಡ್ತಿ ಜಗಳ ಆಡ್ಕೊಂಡಿದ್ದೀರಾ?"

ಮಂಜು ಕೆಂಪಗಾಗಿ ಇಳಿದು ಓಡಿದ. ಮನೆಗೆ ಹೋಗಿ ಕಾಫಿ ಕುಡಿದು ನಾನು ಬ್ರೌಸಿಂಗ್ ಸೆಂಟರಿಗೆ ಬಂದೆ. ಅವನ ಸಂದೇಶ ಆಗಲೇ ಕಾಯುತ್ತಿತ್ತು: "ಬಸ್ಸಲ್ಲಿ ಯಾಕೆ ಮಾತಾಡ್ಲಿಲ್ಲ? ಕೋಪಾನಾ?"

ನಾನು ಬರೆದೆ: "ಹೆಂಗ್ ಮಾತಾಡ್ಲಿ ಕಣೋ, ನೀನು ಪಕ್ಕದಲ್ಲೇ ಇದ್ದೆಯಲ್ಲ!"